ಮನಿಗಾಡಿಯ ಬೆಲ್ಲು

ಏನನ್ನಾದರೂ ಮುಚ್ಚಿಟ್ಟುಕೊಂಡು ಬದುಕುವವನಿಗೆ ಬರುವ ದಣಿವು ಮಣ್ಣು ಹೊರುವವನಿಗೂ ಬರಲಾರದು. ಐದು ವರ್ಷ ನಾನು ಆ ದಣಿವನ್ನು ಹೊತ್ತುಕೊಂಡೇ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಎಂದು ಸುತ್ತಿದ್ದೇನೆ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನದು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಮಾರುವ ಕಸುಬು. ಅಂಗಡಿ ಇರಲಿಲ್ಲ. ಅಂಗಡಿಯೂ ಮನೆಯೂ ಒಂದೇ, ಅದಕ್ಕೆ ನಾಲ್ಕು ಚಕ್ರ.

ಗಣಿ ಕೆಲಸಕ್ಕೆಂದು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ಊರು ಬಿಡುವಾಗ ಮಾರಿಹೋದ ಹಳೆಯ ವಾಹನ ಅದು. ಒಳಗೆ ಮಲಗಲು ಹಲಗೆ, ಸ್ಟವ್ ಇಡಲು ಕಟ್ಟೆ, ನೀರಿನ ಟ್ಯಾಂಕು, ಕಿಟಕಿಗೆ ಹೂವಿನ ಪರದೆ. ಕಾಗದಪತ್ರದಲ್ಲಿ ಅದು ಮೋಟರ್‌ಹೋಮ್. ನಮ್ಮ ಜನ ಅದನ್ನು ಮನಿಗಾಡಿ ಅಂದರು, ನಾನೂ ಹಾಗೇ ಅಂದೆ. ಪೆಟ್ರೋಲನ್ನು ಎಮ್ಮೆ ಕಲಗಚ್ಚು ಕುಡಿದ ಹಾಗೆ ಕುಡಿಯುತ್ತಿತ್ತು. ಆನೆ ಸಾಕಿದ್ದೀಯ ಎಂದು ಬೈದವರೇ ಎಲ್ಲರೂ. ಆನೆಯ ಹೊಟ್ಟೆಯೊಳಗೇ ಮಲಗುವವನಿಗೆ ಬೇರೆ ಗತಿ ಇಲ್ಲ ಎಂದು ಅವರಿಗೆ ಹೇಗೆ ಹೇಳುವುದು?

ಮನೆ ನನಗೂ ಇತ್ತು. ಬಳ್ಳಾರಿಯಲ್ಲಿ ಅಣ್ಣ ಅತ್ತಿಗೆ ಇದ್ದರು. ಮೊಣಕಾಲಿನ ಕೆಳಗೆ ಒಂದು ಮಚ್ಚೆ ಕಾಣಿಸಿಕೊಂಡು, ಅಲ್ಲಿ ಸೂಜಿ ಚುಚ್ಚಿದರೂ ತಿಳಿಯುತ್ತಿಲ್ಲ ಎಂದು ಡಾಕ್ಟರಿಗೆ ತೋರಿಸಿದಾಗ, ಅವರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು. ನಮ್ಮ ಕಡೆ ಆ ಕಾಯಿಲೆಯ ಹೆಸರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡ ರೋಗ ಅನ್ನುತ್ತಾರೆ. ದಿನಾ ಗುಳಿಗೆ ನುಂಗಿದರೆ ವಾಸಿಯಾಗುತ್ತದೆ, ಇನ್ನೊಬ್ಬರಿಗೆ ಅಂಟುವ ಭಯವೂ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಮನೆಯಲ್ಲಿ ಹಾಗೇ ಹೇಳಿದೆ. ಮರುದಿನ ನನ್ನ ತಟ್ಟೆ ಬೇರೆ ಇತ್ತು. ಅಂಚು ನೆಗ್ಗಿದ ಹಿತ್ತಾಳೆ ತಟ್ಟೆ, ಗೋಡೆಗೆ ಒರಗಿಸಿ ಇಟ್ಟಿದ್ದರು. ಅದರಲ್ಲಿ ಮೂರು ದಿನ ಉಂಡು, ನಾಲ್ಕನೆಯ ದಿನ ಅದೇ ತಟ್ಟೆ ಎತ್ತಿಕೊಂಡು ಮನಿಗಾಡಿಗೆ ಬಂದೆ. ಜಗಳವೂ ಆಡಲಿಲ್ಲ. ಆಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಕನ್ನಡಕದವನ ಮುಂದೆ ಮುಖ ಒಡ್ಡುವವರು ಯಾರು? ಹೀಗಾಗಿ ನಾನೇ ಒಂದು ಪದ್ಧತಿ ಮಾಡಿಕೊಂಡೆ. ಯಾರ ಮುಖವನ್ನೂ ಮುಟ್ಟುತ್ತಿರಲಿಲ್ಲ. ಕನ್ನಡಕವನ್ನು ಒಂದು ಮಣೆಯ ಮೇಲಿಟ್ಟು ಮುಂದಕ್ಕೆ ಸರಿಸುತ್ತಿದ್ದೆ, ಅವರೇ ಹಾಕಿಕೊಂಡು ಕನ್ನಡಿ ನೋಡಿಕೊಳ್ಳಬೇಕು. ನನ್ನ ಹಣೆಯ ನಾಮ ನೋಡಿದ ಜನ, ಇವರು ಬಹಳ ಮಡಿಯವರು, ಯಾರನ್ನೂ ಮುಟ್ಟುವುದಿಲ್ಲ ಎಂದುಕೊಂಡರು. ಕರೂರಿನ ಒಬ್ಬ ಮುದುಕಿಯಂತೂ ಎದುರಿಗೇ ಬೈದಳು. ಬೈಸಿಕೊಳ್ಳುವುದು ಸುಲಭವಿತ್ತು. ಅವಳು ಬೈದ ಕಾರಣ ಸುಳ್ಳಾದ್ದರಿಂದ ಅದು ನನಗೆ ತಾಗಲೂ ಇಲ್ಲ.

ಅಕ್ಷರ ಬಾರದವರ ಹತ್ತಿರದ ನೋಟಕ್ಕೆ ನನ್ನ ಪರೀಕ್ಷೆ ಅಕ್ಕಿ. ಅದೇ ಹಿತ್ತಾಳೆ ತಟ್ಟೆಯಲ್ಲಿ ಒಂದು ಪಾವು ಸಿರುಗುಪ್ಪದ ಅಕ್ಕಿ ಹಾಕಿ ಕೊಡುತ್ತಿದ್ದೆ. ಹರಳು ಕಂಡು ಆರಿಸಿದರೆ ಗಾಜು ಸರಿ, ಇಲ್ಲವಾದರೆ ಮುಂದಿನ ನಂಬರು. ಇದರಿಂದ ನನ್ನ ಊಟದ ಅಕ್ಕಿಯೂ ಪುಕ್ಕಟೆಯಾಗಿ ಹಸನಾಗುತ್ತಿತ್ತು. ದೇಶನೂರಿನ ಹೆಂಗಸರು ಆರಿಸಿದ ದಿನ ಅನ್ನ ಬಹಳ ಚೆನ್ನಾಗಿರುತ್ತಿತ್ತು.

ಈಗ ಕಾಲಿನ ವಿಷಯ. ಎರಡು ವರ್ಷದಲ್ಲಿ ಬಲಪಾದ ಪೂರ್ತಿ ಜೋಮು ಹಿಡಿಯಿತು, ಮುಂಗಾಲು ಎತ್ತಲೂ ಬಾರದು. ಮನಿಗಾಡಿಗೆ ಗೇರು ಹಾಕುವ ಕೆಲಸವಿರಲಿಲ್ಲ, ತಾನೇ ಹಾಕಿಕೊಳ್ಳುತ್ತಿತ್ತು. ಎಡಗಾಲಿನಿಂದ ಬ್ರೇಕು ಒತ್ತುವುದನ್ನು ಕಲಿತೆ. ಆದರೆ ಎಕ್ಸಲರೇಟರಿನ ಮೇಲಿಟ್ಟ ಬಲಗಾಲು ಒತ್ತುತ್ತಿದೆಯೋ ಬಿಟ್ಟಿದೆಯೋ ಬಗ್ಗಿ ನೋಡಿದರೆ ಮಾತ್ರ ತಿಳಿಯುತ್ತಿತ್ತು. ಬಗ್ಗಿ ನೋಡುತ್ತ ಗಾಡಿ ಓಡಿಸಲು ಆಗುತ್ತದೆಯೇ? ನನ್ನನ್ನು ಉಳಿಸಿದ್ದು ಆ ಎಂಜಿನಿಯರು ಹಾಕಿಸಿದ್ದ ಒಂದು ಸಾಧನ. ಕ್ರೂಸ್ ಕಂಟ್ರೋಲ್ ಎಂದು ಅದರ ಹೆಸರು. ಗಾಡಿ ಬೇಕಾದ ವೇಗಕ್ಕೆ ಬಂದಾಗ ಸ್ಟೀರಿಂಗಿನ ಪಕ್ಕದ ಗುಂಡಿ ಒತ್ತಿದರೆ, ಏರೋ ಇಳಿಜಾರೋ, ಅದೇ ವೇಗವನ್ನು ಗಾಡಿ ಹಿಡಿದುಕೊಂಡು ಹೋಗುತ್ತಿತ್ತು. ಕಾಲನ್ನು ಪಕ್ಕಕ್ಕೆ ತೆಗೆದಿಡಬಹುದು. ಬ್ರೇಕು ಮುಟ್ಟಿದ ಕೂಡಲೇ ಬಿಟ್ಟುಬಿಡುತ್ತಿತ್ತು. ಪರದೇಶದವರು ಸೋಮಾರಿತನಕ್ಕೆ ಮಾಡಿಕೊಂಡದ್ದು ನನಗೆ ಊರುಗೋಲಾಯಿತು.

ಅದು ಒಂದು ಮಾಘ ಮಾಸದಲ್ಲಿ ಕೆಟ್ಟಿತು. ಅದೇ ವಾರ ಕುರುಗೋಡಿನ ಗುಡ್ಡದ ತಿರುವಿನಲ್ಲಿ ನನ್ನ ಕಾಲು ಪೆಡಲಿನ ಮೇಲೇ ಉಳಿದು, ಹತ್ತಿ ತುಂಬಿದ ಒಂದು ಬಂಡಿಗೆ ಗೇಣು ದೂರದಲ್ಲಿ ಗಾಡಿ ನಿಂತಿತು. ಎತ್ತುಗಳು ನನ್ನ ಮುಖ ನೋಡಿದವು. ಇದು ರಿಪೇರಿಯಾಗದಿದ್ದರೆ ಗಾಡಿ ಬಿಡಬೇಕು, ಗಾಡಿ ಬಿಟ್ಟರೆ ಅನ್ನವೂ ಇಲ್ಲ ಸೂರೂ ಇಲ್ಲ ಎಂದು ಆವತ್ತು ಖಚಿತವಾಯಿತು. ಡ್ರೈವರನ್ನು ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿಗೆ: ಡ್ರೈವರು ಅದೇ ಗಾಡಿಯಲ್ಲಿ ಮಲಗುತ್ತಾನೆ, ನನ್ನ ಗುಳಿಗೆ ನೋಡುತ್ತಾನೆ, ಕಾಲು ತೊಳೆಯುವುದನ್ನು ನೋಡುತ್ತಾನೆ. ಒಂದು ವಾರ ಸಾಕು.

ಬಳ್ಳಾರಿಯಲ್ಲಿ ಕೋಟೆ ಗುಡ್ಡದ ಆಚೆ ಒಬ್ಬ ಮೇಸ್ತ್ರಿ ಇದ್ದರು. ಅರವತ್ತು ದಾಟಿದ್ದರು, ಲಾರಿ, ಪಂಪಸೆಟ್ಟು, ಹೊಲಿಗೆ ಯಂತ್ರ, ಎಲ್ಲಕ್ಕೂ ಕೈಹಾಕುವವರು. ಹತ್ತಿರದ್ದು ಅವರಿಗೆ ಏನೂ ಕಾಣುತ್ತಿರಲಿಲ್ಲ. ನಟ್ಟು ಬೋಲ್ಟುಗಳನ್ನು ಬೆರಳಿನಲ್ಲೇ ಓದುತ್ತಿದ್ದರು. ಮೊದಲ ದಿನವೇ ನಾನು ಒಂದು ಕನ್ನಡಕ ಕೊಡುತ್ತೇನೆಂದೆ. ಕಣ್ಣಿಗೆ ಗಾಜು ಇಟ್ಟುಕೊಂಡರೆ ಬೆರಳು ಸೋಮಾರಿಯಾಗುತ್ತವೆ ಎಂದು ತಳ್ಳಿಹಾಕಿದರು. ಮುಂಗೋಪಿ ಮನುಷ್ಯ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಇಬ್ಬರಿಗೂ ಚೆನ್ನಾಗಿ ಹೊಂದಿತು.

ಎರಡು ಕಾಲು ಗಟ್ಟಿ ಇರುವವನಿಗೆ ಇದೇಕೆ ಬೇಕು ಎಂದು ಅವರು ಕೇಳಿದ್ದು ಸಹಜ. ಮೊಣಕಾಲಿಗೆ ವಾತ ಎಂದೆ. ಕುಂಟನಿಗೆ ಎಂಟು ಚೇಷ್ಟೆ ಎಂದು ನಕ್ಕು, ಟ್ರ್ಯಾಕ್ಟರಿಗೆ ಇರುವಂಥ, ಎಕ್ಸಲರೇಟರನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಕೈ ಲಿವರು ಹಾಕಿಕೊಟ್ಟರು. ಅದು ಬಯಲಿಗೆ ಸರಿ. ಕುರುಗೋಡಿನ ಏರಿನಲ್ಲಿ ಗಾಡಿ ಉಸಿರು ಬಿಟ್ಟು ನಿಲ್ಲುತ್ತಿತ್ತು, ಇಳಿಜಾರಿನಲ್ಲಿ ಮೈಮೇಲೆ ಬಂದಂತೆ ಓಡುತ್ತಿತ್ತು. ಎರಡೇ ದಿನಕ್ಕೆ ವಾಪಸು ತಂದೆ. ಮೇಸ್ತ್ರಿ ಬೈದುಕೊಳ್ಳುತ್ತ ಹಳೆಯ ಸಾಧನವನ್ನೇ ಬಿಚ್ಚಿ ಗೋಣಿಯ ಮೇಲೆ ಹರಡಿದರು.

ಕೆಟ್ಟದ್ದು ಮೂರು. ವೇಗ ಅಳೆಯುವ ತಂತಿ ತುಂಡಾಗಿತ್ತು. ಆ ತಂತಿಯಿಂದ ತಿರುಗಿ ವೇಗವನ್ನು ಹದದಲ್ಲಿಡುವ ಗುಂಡುಗಳು ಸವೆದಿದ್ದವು. ಎಂಜಿನ್ನಿನ ಗಾಳಿಯ ಸೆಳೆತಕ್ಕೆ ಹಿಗ್ಗಿ ಕುಗ್ಗಿ ಪೆಡಲನ್ನು ಎಳೆಯುವ ರಬ್ಬರು ಚೀಲ ಬಿರುಕುಬಿಟ್ಟಿತ್ತು. ಇವಾವೂ ಮದ್ರಾಸಿನಲ್ಲೂ ಸಿಗುವ ವಸ್ತುಗಳಲ್ಲ. ಸುಮಾರು ಒಂದು ತಿಂಗಳು ನಾವಿಬ್ಬರೂ ಗುಜರಿ ಅಂಗಡಿಗಳನ್ನು ಸುತ್ತಿದೆವು. ತಂತಿ ಒಂದು ಸತ್ತ ಬಸ್ಸಿನದು ಸಿಕ್ಕಿತು. ಗುಂಡುಗಳಿಗೆ ಮೇಸ್ತ್ರಿ ಹುಡುಕಿದ್ದು ಮುರುಕು ಗ್ರಾಮಫೋನನ್ನು. ತಟ್ಟೆ ಒಂದೇ ವೇಗದಲ್ಲಿ ತಿರುಗಲೆಂದು ಅದರ ಹೊಟ್ಟೆಯಲ್ಲಿ ಮೂರು ಪುಟ್ಟ ಗುಂಡುಗಳಿರುತ್ತವೆ. ಹಾಡಿಗೆ ಹದ ಹಿಡಿಯುವುದು ಗಾಡಿಗೆ ಹಿಡಿಯುವುದಿಲ್ಲವೇ ಎಂದು ಅವರ ವಾದ. ರಬ್ಬರು ಚೀಲಕ್ಕೆ ಮಾತ್ರ ಬಹಳ ತಡಕಾಡಿದೆವು. ಕಡೆಗೆ ಸಿರುಗುಪ್ಪದ ಹತ್ತಿರ ಒಂದು ಹೊಲದ ಗುಡಿಸಲಲ್ಲಿ, ಕಾಲುವೆ ನೀರು ಬಂದ ಮೇಲೆ ಮೂಲೆಗೆ ಬಿದ್ದಿದ್ದ ಕಪಿಲೆಯ ತೊಗಲಿನ ಬಾನಿ ಕಂಡಿತು. ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ಚೀಲ ಅದು. ಅದರ ತುದಿಯ ಮೆತ್ತನೆಯ ತೊಗಲನ್ನು ಕತ್ತರಿಸಿ, ವಾರವೆಲ್ಲ ಶೇಂಗಾ ಎಣ್ಣೆಯಲ್ಲಿ ನೆನೆಸಿ, ಮೇಸ್ತ್ರಿ ಚೀಲ ಹೊಲಿದರು. ಸೂಜಿಗೆ ದಾರ ಪೋಣಿಸಿ ಕೊಟ್ಟದ್ದು ನಾನು. ಅಷ್ಟಾದರೂ ಕನ್ನಡಕ ಬೇಡವಂತೆ.

ನನಗೆ ಆ ತಿಂಗಳು ನೆನಪಾದರೆ ಈಗಲೂ ಮೈ ಭಾರವಾಗುತ್ತದೆ. ಗುಜರಿ ಸುತ್ತುವಾಗ ಕುಂಟುವುದನ್ನು ಮೊಣಕಾಲಿನ ನೋವಿನಂತೆ ಕಾಣಿಸಬೇಕು. ಜಾರುವ ಚಪ್ಪಲಿಯನ್ನು ಹಗ್ಗದಿಂದ ಕಟ್ಟಿ, ಕಟ್ಟಿದ್ದು ಕಾಣದ ಹಾಗೆ ಪಂಚೆ ಇಳಿಬಿಡಬೇಕು. ಮೇಸ್ತ್ರಿ ಚಹಾ ತರಿಸಿದರೆ ಕುಡಿದು ಲೋಟವನ್ನು ನಾನೇ ಎರಡು ಸಲ ತೊಳೆದಿಡಬೇಕು. ಅದನ್ನೂ ಅವರು ಮಡಿ ಅಂದುಕೊಂಡರು. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆನೇ ಹೊರತು, ನನ್ನ ಎಂಜಲು ನೀವು ಮುಟ್ಟಬಾರದೆಂದು ತೊಳೆಯುತ್ತೇನೆ ಎಂದು ಹೇಳಲಿಲ್ಲ.

ಪರೀಕ್ಷೆಗೆ ಹೊರಟದ್ದು ಒಂದು ಬೆಳಿಗ್ಗೆ, ಸಿರುಗುಪ್ಪದ ರಸ್ತೆಗೆ. ನಾನು ಓಡಿಸುತ್ತಿದ್ದೆ, ಮೇಸ್ತ್ರಿ ಪಕ್ಕದಲ್ಲಿ ಕೂತು ಎಂಜಿನ್ನಿಗೆ ಕಿವಿಗೊಟ್ಟಿದ್ದರು. ಊರು ದಾಟಿ ಮೂವತ್ತು ಮೈಲಿಯ ವೇಗ ಬಂದಾಗ ಗುಂಡಿ ಒತ್ತಿದೆ. ಹಿಡಿಯಿತು. ಏರಿನಲ್ಲಿ ತಾನೇ ಮುನ್ನುಗ್ಗಿತು, ಇಳಿಜಾರಿನಲ್ಲಿ ತಾನೇ ತಡೆದುಕೊಂಡಿತು. ನನಗೆ ಅಳು ಬಂದಿತು, ಧೂಳು ಎಂದು ಕಣ್ಣೊರೆಸಿಕೊಂಡೆ. ಮೇಸ್ತ್ರಿ ಮಗುವನ್ನು ಮಲಗಿಸಿದವರ ಹಾಗೆ ಸದ್ದು ಮಾಡದೆ ಕೂತಿದ್ದರು.

ಜೋಳ ಕೊಯ್ದ ಕಾಲ ಅದು. ನಮ್ಮ ಕಡೆ ಕಣ ಇಲ್ಲದವರು ತೆನೆಯನ್ನು ಡಾಂಬರು ರಸ್ತೆಯ ಮೇಲೇ ಹರಡುತ್ತಾರೆ. ಹೋಗಿ ಬರುವ ಬಸ್ಸು ಲಾರಿಗಳ ಚಕ್ರಕ್ಕೆ ಕಾಳು ಉದುರುತ್ತದೆ. ಗಾಡಿಯವರು ಅದರ ಮೇಲೆಯೇ ಹೋಗಬೇಕು, ಪಕ್ಕಕ್ಕೆ ತಿರುಗಿಸಿದರೆ ಬೈಗುಳ. ಆದರೆ ನಿಧಾನವಾಗಿ ಹೋಗಬೇಕು. ತೆನೆ ಕಂಡ ಕೂಡಲೇ ಎಕ್ಸಲರೇಟರಿನಿಂದ ಕಾಲು ತೆಗೆಯುವುದು ಇಲ್ಲಿ ಗಾಡಿ ಕಲಿತವರ ಕಾಲಿಗೆ ಅಂಟಿಬಂದ ರೂಢಿ. ಬ್ರೇಕು ಯಾರೂ ಒತ್ತುವುದಿಲ್ಲ, ಒತ್ತಿದರೆ ಕಾಳು ಚಕ್ರದಡಿ ಅರೆದುಹೋಗುತ್ತದೆ.

ಆವತ್ತು ಒಂದು ಊರಿನ ಅಂಚಿನಲ್ಲಿ ಮೊಣಕಾಲೆತ್ತರಕ್ಕೆ ಹರಡಿದ್ದರು. ನಾನು ರೂಢಿಯಂತೆ ತೊಡೆ ಎತ್ತಿ ಕಾಲು ತೆಗೆದೆ. ಕಾಲು ತೆಗೆದೆನಲ್ಲ, ಇನ್ನೇನು ವೇಗ ಇಳಿಯುತ್ತದೆ ಎಂದು ಕಾದೆ. ಪೆಡಲಿನ ಮೇಲೆ ನನ್ನ ಕಾಲು ಇರಲೇ ಇಲ್ಲ, ಗಾಡಿ ಓಡುತ್ತಿದ್ದುದು ಗುಂಡಿಯ ಬಲದಿಂದ ಎಂಬುದು ತಲೆಗೆ ಹೊಳೆಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಪಾದವೇ ಹೇಳುತ್ತಿತ್ತು. ನನ್ನ ಪಾದ ಹೇಳುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ತೆನೆಯ ರಾಶಿ ಚಕ್ರವನ್ನು ತಡೆದಷ್ಟೂ ಗ್ರಾಮಫೋನಿನ ಗುಂಡುಗಳು ಎಂಜಿನ್ನನ್ನು ಇನ್ನಷ್ಟು ಎಬ್ಬಿಸಿದವು. ತೆನೆ ತಿರುವಿಹಾಕುತ್ತಿದ್ದ ಹೆಂಗಸೊಬ್ಬಳು ಕವೆಗೋಲು ಬಿಸಾಡಿ ಬದಿಗೆ ಹಾರಿದಳು. ಆಗ ಎಡಗಾಲು ಬ್ರೇಕಿಗೆ ಹೋಯಿತು.

ಗಾಡಿ ನಿಂತಿತು. ಅಡಿಯಿಂದ ಹೊಗೆ ಬಂತು. ದಂಟು ತೆನೆಗಳೆಲ್ಲ ಚಕ್ರದ ದಂಡಕ್ಕೆ ಸುತ್ತಿಕೊಂಡು, ಸೈಲೆನ್ಸರಿನ ಕೆಂಡದಂಥ ಕೊಳವೆಗೆ ಒತ್ತಿಕೊಂಡು ಹೊತ್ತಿಕೊಳ್ಳುತ್ತಿದ್ದವು. ನಾವಿಬ್ಬರೂ ಕೆಳಗೆ ನುಗ್ಗಿ ಎರಡೂ ಕೈಯಲ್ಲಿ ಕಿತ್ತೆವು. ಆ ಹೆಂಗಸು ಶಾಪ ಹಾಕುತ್ತಲೇ ಕೊಡದಲ್ಲಿ ನೀರು ತಂದು ಸುರಿದಳು. ಗಾಡಿ ಉಳಿಯಿತು. ನಾನು ಉಸಿರು ಬಿಟ್ಟು, ಮಲಗಿದಲ್ಲೇ ಕಾಲು ಚಾಚಿಕೊಂಡೆ.

ಆಗ ಮೇಸ್ತ್ರಿ ಮೂಗು ಅರಳಿಸಿದರು. ತೆನೆ ಆರಿದ ಮೇಲೂ ಏನೋ ಸುಡುವ ವಾಸನೆ. ಅವರು ಹೊರಳಿ ನೋಡಿದರು. ನನ್ನ ಚಪ್ಪಲಿ ಕಳಚಿಹೋಗಿತ್ತು. ಬಲಪಾದ ಆ ಕೊಳವೆಗೆ ಒರಗಿತ್ತು. ನಾನು ಅವರ ಮುಖವನ್ನೇ ನೋಡುತ್ತ, ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆನಂತೆ.

ಅವರು ನನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಗಾಯ ನೋಡಿದರು. ಮುಖ ಹತ್ತಿರ ತಂದರೂ ಕಾಣದೆ ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿದರು, ನಟ್ಟು ನೋಡುವ ಹಾಗೆ. ನಾನು ಹಲ್ಲು ಕಚ್ಚಲಿಲ್ಲ, ಕೂಗಲಿಲ್ಲ. ನಟನೆ ಮಾಡಲೂ ತೋಚಲಿಲ್ಲ.

“ಎಷ್ಟು ವರ್ಷ ಆತು?” ಎಂದರು.

“ಐದು.”

“ಗುಳಿಗಿ ನುಂಗಾಕತ್ತೀರಿಲ್ಲೋ?”

ಹೂಂ ಎಂದೆ. ಅವರು ಪಕ್ಕದ ಕಾಲುವೆಯ ನೀರಿನಲ್ಲಿ ಗಾಯ ತೊಳೆದು, ತಮ್ಮ ತಲೆಯ ವಸ್ತ್ರ ಹರಿದು ಕಟ್ಟಿದರು. ಆ ಹೆಂಗಸಿಗೆ ನಾವು ಕೆಡಿಸಿದ ತೆನೆಯನ್ನೆಲ್ಲ ಮತ್ತೆ ಹರಡಿಕೊಟ್ಟರು. ಬಳ್ಳಾರಿಗೆ ಗಾಡಿ ಓಡಿಸಿದ್ದು ಅವರೇ. ದಾರಿಯುದ್ದಕ್ಕೂ ಎಂಜಿನ್ನಿಗೇ ಕಿವಿಗೊಟ್ಟಿದ್ದರು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಗಾಡಿ ನಾಲ್ಕು ದಿನ ನನ್ನ ಹತ್ತಿರ ಇರಲಿ, ನೀವು ದವಾಖಾನೆಗೆ ಹೋಗಿ ಎಂದಷ್ಟೇ ಹೇಳಿ ಶೆಡ್ಡಿನ ಬಾಗಿಲು ಹಾಕಿಕೊಂಡರು.

ಆ ನಾಲ್ಕು ದಿನ ಒಂದು ಛತ್ರದಲ್ಲಿ ಬಿದ್ದಿದ್ದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಇಷ್ಟು ಹೊತ್ತಿಗೆ ಸುದ್ದಿ ಸಿರುಗುಪ್ಪದ ಸಂತೆಯವರೆಗೂ ಹೋಗಿರುತ್ತದೆ ಎಂದುಕೊಂಡೆ. ಹೆದರಿಕೆಯೂ ಆಗಲಿಲ್ಲ. ಮುಗಿಯಿತಲ್ಲ, ಇನ್ನು ಪಂಚೆ ಇಳಿಬಿಡುವುದು ಬೇಡ, ಲೋಟ ಎರಡು ಸಲ ತೊಳೆಯುವುದು ಬೇಡ ಎನ್ನಿಸಿ ಗಾಢವಾಗಿ ನಿದ್ದೆ ಮಾಡಿದೆ. ಅಂಥ ನಿದ್ದೆ ವರ್ಷಗಳಿಂದ ಬಂದಿರಲಿಲ್ಲ.

ಐದನೆಯ ದಿನ ಹೋದಾಗ ಶೆಡ್ಡಿನ ಮುಂದೆ ಗಾಡಿ ತೊಳೆದು ನಿಲ್ಲಿಸಿತ್ತು. ಹತ್ತಿ ಕೂತೆ. ಬಲಗಾಲಿಗೆ ಪಕ್ಕದಲ್ಲಿ ಹಲಗೆಯ ಒಂದು ಗೂಡು ಮಾಡಿದ್ದರು, ಕಾಲು ತಾನಾಗಿ ಜಾರಿ ಹೋಗದ ಹಾಗೆ ಅಂಚು ಕಟ್ಟಿ. ಎಕ್ಸಲರೇಟರಿನ ಮೇಲೆ ಒಂದು ತಗಡಿತ್ತು. ಒತ್ತಿ ನೋಡಿ ಎಂದರು. ಕಾಲನ್ನು ಕೈಯಿಂದ ಎತ್ತಿ ಇಟ್ಟೆ. ಟಿಣ್ ಎಂದಿತು. ತೆಗೆದೆ. ಮತ್ತೆ ಟಿಣ್. ತಗಡಿನ ಕೆಳಗೆ ಒಂದು ಹಳೆಯ ಸೈಕಲ್ ಬೆಲ್ಲು ಕೂಡಿಸಿದ್ದರು.

“ಕಾಲಿಗೆ ತಿಳೀಲಿಲ್ಲಂದ್ರ ಕಿವಿಗೆ ತಿಳಿಲಿ,” ಎಂದರು ಮೇಸ್ತ್ರಿ. “ಕಿವಿ ಚೊಲೋ ಅದಾವಿಲ್ಲೋ ನಿಮ್ಮವು?”

ಯಾರಿಗಾದರೂ ಹೇಳಿದಿರಾ ಎಂದು ಕೇಳಲು ಬಾಯಿ ತೆರೆದೆ. ಆದರೆ ಆ ಬೆಲ್ಲನ್ನು ನೋಡಿದ ಮೇಲೆ ಆ ಪ್ರಶ್ನೆ ಕೇಳಲು ನಾಚಿಕೆಯಾಯಿತು. ಸುಮ್ಮನೆ ಇನ್ನೊಂದು ಸಲ ಟಿಣ್ ಅನ್ನಿಸಿದೆ.

ಮೇಸ್ತ್ರಿ ಹಿಂಬದಿಯ ಬಾಗಿಲಿನಿಂದ ಮನಿಗಾಡಿಯೊಳಗೆ ಹತ್ತಿ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತರು. ನನ್ನ ಕಣ್ಣು ನೋಡಿ ಎಂದರು. ಬೆರಳು ಸೋಮಾರಿಯಾದರೆ ಎಂದು ನಾನು ಕೆಣಕಿದೆ. ಮೊನ್ನೆ ಗಾಯವೇ ಕಾಣಲಿಲ್ಲವಲ್ಲ ಎಂದು ಗೊಣಗಿದರು. ತಟ್ಟೆಯಲ್ಲಿ ಅಕ್ಕಿ ಹಾಕಿ ಕೊಟ್ಟೆ. ಒಂದೂ ಹರಳು ಸಿಗಲಿಲ್ಲ. ನಂಬರು ಅಂದಾಜು ಮಾಡಿ ಒಂದು ಕನ್ನಡಕ ಆರಿಸಿ, ಮಣೆಯ ಮೇಲಿಟ್ಟು ಅವರ ಮುಂದಕ್ಕೆ ಸರಿಸಿದೆ.

ಅವರು ಅದನ್ನು ಮುಟ್ಟಲಿಲ್ಲ. ಮುಖ ಮುಂದೆ ಮಾಡಿ ಕೂತರು.

“ನಿಮ್ಮ ಕೈಲೇ ಹಾಕ್ರಿ.”

“ಮೇಸ್ತ್ರಿ, ನಿಮಗ ಎಲ್ಲಾ ಗೊತ್ತೈತಿ,” ಎಂದೆ.

“ಗೊತ್ತಿರೂದಕ್ಕ ಹೇಳಾಕತ್ತೀನಿ. ಹಾಕ್ರಿ, ಕುತಿಗಿ ನೋವು ಬರ್ತೈತಿ.”

ಕಡ್ಡಿಗಳನ್ನು ಬಿಡಿಸಿ ಅವರ ಕಿವಿಯ ಹಿಂದೆ ಸೇರಿಸಿದೆ. ಕಿವಿಗಳಿಗೆಲ್ಲ ಗ್ರೀಸು ಮೆತ್ತಿತ್ತು. ಮೂಗಿನ ಮೇಲೆ ಕೂತದ್ದು ಓರೆಯಾಗಿತ್ತು, ತೆಗೆದು ಬಗ್ಗಿಸಿ ಮತ್ತೆ ಹಾಕಿದೆ. ಗಡ್ಡದ ಮುಳ್ಳು ಬೆರಳಿಗೆ ಚುಚ್ಚಿತು. ಐದು ವರ್ಷದಲ್ಲಿ ನಾನು ಮುಟ್ಟಿದ ಮೊದಲ ಮುಖ ಅದು. ಮುಟ್ಟಿ ಅಳತೆ ತೆಗೆದರೆ ಎಷ್ಟು ಬೇಗ ಕೆಲಸವಾಗುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

ಮೇಸ್ತ್ರಿ ತಟ್ಟೆಯ ಕಡೆ ಬಗ್ಗಿ ಹರಳು ಆರಿಸತೊಡಗಿದರು. ಏಳೋ ಎಂಟೋ ಸಿಕ್ಕವು. ಇಷ್ಟು ದಿನ ಇದನ್ನೇ ತಿನ್ನುತ್ತಿದ್ದಿರಾ ಎಂದು ಬೈದರು. ಮಧ್ಯಾಹ್ನವಾಗಿತ್ತು. ಆ ಅಕ್ಕಿಯನ್ನೇ ಸ್ಟವ್ವಿನ ಮೇಲಿಟ್ಟು ಅನ್ನ ಮಾಡಿದೆ, ಶೇಂಗಾ ಚಟ್ನಿ ಇತ್ತು. ಉಣ್ಣಲು ಕೂರುವ ಹೊತ್ತಿಗೆ ಪೇಚಾಯಿತು, ಗಾಡಿಯಲ್ಲಿ ಇದ್ದದ್ದು ಒಂದೇ ತಟ್ಟೆ. ಎಲೆ ತರುತ್ತೇನೆಂದು ಎದ್ದೆ. ಕೂತುಕೊಳ್ಳಿ, ಮೊದಲು ನೀವು ಉಣ್ಣಿ ಎಂದು ಗದರಿಸಿದರು.

ನಾನು ಉಂಡೆ. ಅವರು ತಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಒಂದು ಚೊಂಬು ನೀರಿನಲ್ಲಿ ಒಂದೇ ಸಲ ತೊಳೆದು, ಅದರಲ್ಲೇ ಬಡಿಸಿಕೊಂಡು ಉಂಡರು. ಕನ್ನಡಕ ತೆಗೆಯಲಿಲ್ಲ. ಅನ್ನದಲ್ಲಿ ಹರಳು ಉಳಿದಿದೆಯೇ ಎಂದು ತುತ್ತು ತುತ್ತಿಗೂ ನೋಡಿ ನೋಡಿ ಉಂಡರು.